ಸೋಮ ಮೇಸ್ತ್ರಿಯ ಇಳಿಜಾರು

ಊರುಗೋಲಿನ ತುದಿಯ ರಬ್ಬರು ಕೆಂಪು ನೆಲಕ್ಕೆ ತಾಗಿದ್ದೇ ತಡ, ಸರ್ರನೆ ಹಿಂದಕ್ಕೆ ಬಂತು. ವನಜ ಇನ್ನೊಂದು ಊರುಗೋಲಿನ ಮೇಲೆ ಭಾರ ಬಿಟ್ಟು, ಪಕ್ಕದಲ್ಲೇ ನಿಂತಿದ್ದ ಆಟೋದ ಕಂಬಿ ಹಿಡಿದು, ಹೇಗೋ ಬೀಳದೆ ಉಳಿದಳು. ಪುಣ್ಯಕ್ಕೆ ಅಣ್ಣ ನೋಡಲಿಲ್ಲ. ಸೋಮ ಆಚೆ ತಿರುಗಿ, ಶಾಲೆಯ ಜಗಲಿಗೆ ಬೆಂಚು ಸಾಗಿಸುತ್ತಿದ್ದವರ ಮೇಲೆ ಹರಿಹಾಯುವುದರಲ್ಲಿದ್ದ.

"ಹ್ವಾಯ್, ಚಪ್ಲಿ ಕೆಳಗೆ ಬಿಡಿ ಮರಾಯ್ರೆ! ಪಾಲಿಶ್ ಮಾಡಿ ವಾರ ಆಯ್ಲಿಲ್ಲ ಇನ್ನೂ."

ಬೆಂಚು ಹೊತ್ತವರು ನಗುತ್ತ ಮೆಟ್ಟಿಲ ಕಡೆಯಿಂದ ಹತ್ತಿ ಹೋದರು. ಸೋಮ ತಂಗಿಯ ಕಡೆ ತಿರುಗಿದ. ಹೆಗಲ ಮೇಲಿನ ಬೈರಾಸು ತೆಗೆದು ಇಳಿಜಾರಿನ ಅಂಚಿಗೆ ಬಿದ್ದಿದ್ದ ಮರಳನ್ನು ಕೊಡವಿದ.

"ಹ್ಯಾಂಗಿತ್ತ್?"

"ಚಂದ ಆಯ್ತ್ ಅಣ್ಣ."

"ಬರೀ ಚಂದ್ವಾ? ಬಗ್ಗಿ ಕಾಣ್, ಮುಖ ಕಾಣ್ತ್ ಅದ್ರಗೆ." ಅವನೇ ಬಗ್ಗಿ ತನ್ನ ಮುಖ ನೋಡಿಕೊಂಡ. "ಈಗ ಹತ್ತುದ್ ಬ್ಯಾಡ. ನಾಳೆ ಹತ್ತ್. ಎಲ್ಲರೂ ಇರ್ತ್ರ್, ಎಲ್ಲರೂ ಕಾಣ್ಲಿ."

ವನಜ ತಲೆಯಾಡಿಸಿದಳು. ಮತ್ತೆ ಆಟೋ ಹತ್ತಿ ಕೂತಳು.

ಸೋಮನದು ಹೇಳಿಕೇಳಿ ಕಡಲಿನವರ ಮನೆ. ಆದರೆ ಕಡಲಿಗೆ ಇಳಿದರೆ ಅವನಿಗೆ ತಲೆ ತಿರುಗುತ್ತಿತ್ತು. ದೋಣಿ ದಡ ಬಿಟ್ಟು ಒಂದು ಕೂಗಳತೆ ಹೋಗುವಷ್ಟರಲ್ಲಿ ಹಿಂದಿನ ದಿನ ಉಂಡದ್ದೂ ಹೊರಗೆ ಬರುತ್ತಿತ್ತು. ಅಪ್ಪಯ್ಯ ನೋಡುವಷ್ಟು ನೋಡಿ, "ಇವ ಮೀನ್ ಹಿಡುಕೆ ಬಪ್ಪುದಲ್ಲ, ಮೀನಿಗ್ ಉಣ್ಸುಕೆ ಬಪ್ಪುದ್" ಎಂದು ಬೈದು ಗಾರೆ ಕೆಲಸಕ್ಕೆ ಸೇರಿಸಿದ್ದರು. ಅಲ್ಲಿ ಕೈ ಕುದುರಿತು. ಅದರಲ್ಲೂ ಕೆಂಪು ನೆಲ ಅಂದರೆ ಸೋಮ ಮೇಸ್ತ್ರಿಯೇ ಆಗಬೇಕು ಅನ್ನುವ ಕಾಲವೊಂದಿತ್ತು. ಕೆಂಪು ಬಣ್ಣ ಬೆರೆಸಿದ ಸಿಮೆಂಟನ್ನು ಕರಣೆಯಿಂದ ಎಳೆದು, ಅದು ಹದವಾಗಿ ಬಿಗಿಯುವ ಹೊತ್ತಿಗೆ ನುಣ್ಣನೆಯ ಕಲ್ಲು ಹಿಡಿದು ಕುಕ್ಕರುಗಾಲಲ್ಲಿ ಕೂತನೆಂದರೆ, ಸೊಂಟ ಬಿದ್ದು ಹೋಗುವ ತನಕ ಉಜ್ಜುತ್ತಿದ್ದ. ಕೊನೆಗೆ ತೆಂಗಿನೆಣ್ಣೆ ಸವರಿ ಬಟ್ಟೆಯಲ್ಲಿ ತೀಡಿದರೆ, ಮನೆಯವರಿಗೇ ತಮ್ಮ ಮನೆಯ ಜಗಲಿ ಮೆಟ್ಟುವುದಕ್ಕೆ ಮನಸ್ಸು ಬರುತ್ತಿರಲಿಲ್ಲ. ಬೈಂದೂರಿನಿಂದ ಸಾಸ್ತಾನದ ತನಕ ಅವನು ಉಜ್ಜಿದ ಜಗಲಿಗಳಿವೆ. ಈಗ ಎಲ್ಲರಿಗೂ ಟೈಲ್ಸ್ ಬೇಕು. ಟೈಲ್ಸ್ ಹಾಕುವವರು ಉತ್ತರದಿಂದ ಬಂದ ಹುಡುಗರು, ಎರಡು ದಿನದಲ್ಲಿ ಮುಗಿಸಿ ಹೋಗುತ್ತಾರೆ. ಸೋಮನಿಗೆ ಕೋಳಿಗೂಡಿಗೆ ಗೋಡೆ ಕಟ್ಟುವುದು, ಬಚ್ಚಲಿಗೆ ತೇಪೆ ಹಾಕುವುದು, ಇಂಥವೇ ಸಿಗುತ್ತಿದ್ದವು.

ಹಾಗಿರುವಾಗ ಈ ಸಲದ ಚುನಾವಣೆಗೆ ಮುಂಚೆ, ಮತಗಟ್ಟೆ ಇರುವ ಶಾಲೆಗಳಿಗೆಲ್ಲ ಅಂಗವಿಕಲರು ಹತ್ತುವಂತೆ ಇಳಿಜಾರು ಮಾಡಬೇಕೆಂದು ಮೇಲಿನಿಂದ ಹೇಳಿಕೆ ಬಂತಂತೆ. ನಾವುಂದದಿಂದ ಕಡಲ ಕಡೆಗೆ ಇಳಿದರೆ ಸಿಗುವ ನೇರಳಕೇರಿಯ ಶಾಲೆಗೂ ಒಂದು ಮಂಜೂರಾಯಿತು. ಗುತ್ತಿಗೆ ಹಿಡಿದವನು ಸೋಮನನ್ನು ಕರೆದು, ಒಂದಿಷ್ಟು ಜಲ್ಲಿ ಸುರಿದು ಮೇಲೆ ಸಿಮೆಂಟು ಬಳಿದು ಬಿಡು ಎಂದಿದ್ದ. ಸೋಮ ಜಲ್ಲಿ ಸುರಿದ, ಸಿಮೆಂಟು ಬಳಿದ. ಆದರೆ ಬಿಡಲಿಲ್ಲ. ಕೆಂಪು ಪುಡಿಯನ್ನು ತಾನೇ ತಂದ. ತೆಂಗಿನ ಮಡಲಿನ ತಟ್ಟಿ ಅಡ್ಡ ಕಟ್ಟಿ, ತಂಗಿಗೂ ತೋರಿಸದೆ, ಅಲ್ಲೇ ಕೂತು ಉಜ್ಜಿದ. ಬೇಸಿಗೆ ರಜೆಯ ಮಕ್ಕಳು ತಟ್ಟಿ ಸರಿಸಿ ಒಳಗೆ ನುಗ್ಗಿ ಜಾರುಬಂಡಿ ಆಡಿದರೆ ಕೋಲು ಹಿಡಿದು ಅಟ್ಟಿದ. "ಅದ್ ನನ್ ತಂಗಿಗ್ ಮಾಡಿದ್ದ್, ನಿಮ್ ಆಟಕ್ಕಲ್ಲ!" ಎಂದು ಅವನು ಬೊಬ್ಬೆ ಹಾಕುವುದು ರಸ್ತೆಯವರೆಗೆ ಕೇಳುತ್ತಿತ್ತು.

ಆ ಶಾಲೆಯ ಮೆಟ್ಟಿಲು ಎತ್ತರ. ಮಳೆಗಾಲದ ನೀರು ಒಳಗೆ ಬರಬಾರದೆಂದು ಹಿಂದಿನವರು ಹಾಗೆ ಕಟ್ಟಿದ್ದು. ಮಗುವಿದ್ದಾಗ ಬಂದ ಜ್ವರದಲ್ಲಿ ಎರಡೂ ಕಾಲಿನ ಬಲ ಹೋದ ವನಜಳಿಗೆ ಊರುಗೋಲಿನಲ್ಲಿ ಆ ಮೆಟ್ಟಿಲು ಹತ್ತುವುದು ಆಗದ ಮಾತು. ಹಾಗಾಗಿ ಅವಳು ಓಟು ಹಾಕಲು ಶುರುಮಾಡಿದ ದಿನದಿಂದಲೂ ಕುರ್ಚಿಯ ಮೇಲೆಯೇ ಹೋದವಳು. ಪಕ್ಷದ ಹುಡುಗರು ಪ್ಲಾಸ್ಟಿಕ್ ಕುರ್ಚಿ ತರುವುದು, ಅದರಲ್ಲಿ ಅವಳನ್ನು ಕೂರಿಸುವುದು, ನಾಲ್ಕು ಕಡೆ ಹಿಡಿದು ಎತ್ತುವುದು. ಇಷ್ಟೇ ಆಗಿದ್ದರೆ ಹೇಗೋ ಆಗುತ್ತಿತ್ತು. ಆದರೆ ಊರಿನಲ್ಲಿ ಒಂದು ಲೆಕ್ಕ ಬೆಳೆದು ಬಿಟ್ಟಿತ್ತು: ವನಜಕ್ಕನನ್ನು ಯಾರು ಎತ್ತಿಕೊಂಡು ಹೋದರೋ ಅವರಿಗೇ ವನಜಕ್ಕನ ಓಟು. ಪರದೆಯ ಹಿಂದೆ ಅವಳು ಏನು ಒತ್ತಿದರೂ ಸರಿ, ಕುರ್ಚಿ ಮೊದಲೇ ಊರಿಗೆಲ್ಲ ಹೇಳಿಯಾಗಿರುತ್ತಿತ್ತು.

ಹಿಂದಿನ ಪಂಚಾಯ್ತಿ ಚುನಾವಣೆಯಲ್ಲಂತೂ ಒಂದು ಪಕ್ಷದ ಲೀಲಾಧರನ ಕಡೆಯವರೂ ಇನ್ನೊಂದು ಪಕ್ಷದ ಚಂದ್ರನ ಕಡೆಯವರೂ ಒಂದೊಂದು ಕುರ್ಚಿ ತಂದು, ಅವಳನ್ನು ನಡುವೆ ನಿಲ್ಲಿಸಿಕೊಂಡು ಜಗಳಕ್ಕೆ ನಿಂತರು. ಕೊನೆಗೆ ಯಾರೋ ಹಿರಿಯರು ಪಂಚಾಯಿತಿಕೆ ಮಾಡಿದರು. ಒಳಗೆ ಹೋಗುವಾಗ ಲೀಲಾಧರನವರು ಹೊರಬೇಕು, ಹೊರಗೆ ಬರುವಾಗ ಚಂದ್ರನವರು. "ಸಮಾ ಆಯ್ತಲ್ದಾ ವನಜಕ್ಕ?" ಎಂದು ಚಂದ್ರ ನಗುತ್ತ ಕೇಳಿದ್ದ. ಎಲ್ಲರೂ ನಕ್ಕರು. ವನಜಳೂ ನಕ್ಕಳು, ಮತ್ತೇನು ಮಾಡುವುದು. ಎತ್ತುವಾಗ ಸೆರಗು ಕುರ್ಚಿಯ ಕಾಲಿಗೆ ಸಿಕ್ಕಿ ಎಳೆಯಿತು, ಯಾರದೋ ಕೈ ಕಂಕುಳಲ್ಲಿ ಬೇಕಾದದ್ದಕ್ಕಿಂತ ಮೇಲೆ ಬಂತು. ತಪ್ಪಿಯೇ ಬಂತೋ ಬೇಕೆಂದೇ ಬಂತೋ, ಅಷ್ಟು ಜನರ ನಡುವೆ ಕೇಳುವುದು ಯಾರನ್ನು? ಚುನಾವಣೆಯಲ್ಲಿ ಚಂದ್ರನವರು ಸೋತರು. ಅಲ್ಲಿಂದ ಇಲ್ಲಿಯವರೆಗೆ ಚಂದ್ರನ ಹೆಂಡತಿ, ಅವಳ ಅಕ್ಕತಂಗಿಯರು, ಯಾರೂ ವನಜಳ ಬಳಿ ರವಿಕೆ ಹೊಲಿಸಲಿಲ್ಲ. ಕೈಯಲ್ಲಿ ತಿರುಗಿಸುವ ಮೆಷಿನ್ನಿನ ಮುಂದೆ ಕೂತು ಹೊಟ್ಟೆ ಹೊರೆಯುವವಳು ವನಜ. ಕೊಟ್ಟಿದ್ದ ಅಳತೆ ಬ್ಲೌಸು ವಾಪಸು ಇಸ್ಕೊಂಡು ಹೋಗಲು ಬಂದ ಚಂದ್ರನ ಹೆಂಡತಿಯ ಮುಖವನ್ನು ಅವಳು ಮರೆತಿರಲಿಲ್ಲ. ಅಸಲಿಗೆ ಆ ಸಲ ಅವಳು ಓಟು ಹಾಕಿದ್ದು ಚಂದ್ರನವರಿಗೇ.

ಅದಕ್ಕೇ ಇಳಿಜಾರಿನ ಸುದ್ದಿ ಕೇಳಿದಾಗ ಅವಳಿಗೆ ಹಬ್ಬ ಬಂದಷ್ಟು ಖುಷಿ ಆಗಿತ್ತು. ತನ್ನಷ್ಟಕ್ಕೆ ಹೋಗುವುದು, ತನ್ನಷ್ಟಕ್ಕೆ ಬರುವುದು. ಯಾರಿಗೆ ಹಾಕಿದಳೆಂದು ಯಾರೂ ಹೇಳಲಾಗದಂತೆ ಒಂದು ಸಲವಾದರೂ ಓಟು ಹಾಕುವುದು.

ಆ ದಿನ ಮೀನು ಮಾರಿ ಬಂದ ಸೋಮನ ಹೆಂಡತಿ ಪ್ರಫುಲ್ಲಾ ಬುಟ್ಟಿ ತೊಳೆದು ಕವುಚಿಟ್ಟು ಒಳಗೆ ಬಂದಾಗ ನಾದಿನಿ ಮೆಷಿನ್ನಿನ ಮುಂದೆ ಸುಮ್ಮನೆ ಕೂತಿದ್ದಳು. ಸೂಜಿಯಲ್ಲಿ ದಾರ ಇರಲಿಲ್ಲ.

"ಎಂತ ಹೆಣೆ, ಮೋರೆ ಹೀಂಗಿತ್ತ್? ನಿನ್ನಣ್ಣನ ಅರಮನೆ ಕಂಡ್ ಬಂದ್ಯಾ?"

"ಅತ್ಗೆ, ಅದ್ ಜಾರ್ತ್."

"ಎಂತದ್ ಜಾರ್ತ್?"

"ಅಣ್ಣ ಮಾಡಿದ್ದ್. ಊರುಗೋಲ್ ನಿಲ್ಲುದೇ ಇಲ್ಲ. ಈಗ್ಳೇ ಬೀಳ್ತಿದ್ದೆ."

ಪ್ರಫುಲ್ಲಾ ಹಣೆ ಚಚ್ಚಿಕೊಂಡು ನಗಲು ಶುರುಮಾಡಿದಳು. "ಮಕ್ಳ್ ಜಾರುಬಂಡಿ ಆಡುವಾಗ ಕೋಲ್ ಹಿಡ್ಕಂಡ್ ಓಡ್ಸುದೇ ಕೆಲ್ಸ ಇವ್ರಿಗೆ! ಓಡ್ಸುವಾಗ್ಳಾದ್ರೂ ತಲಿಗ್ ಹೋಯ್ಕಲ್ದಾ, ಇವ್ ಎಂತಕೆ ಜಾರ್ತೊ ಅಂದೇಳಿ? ನಾ ಕಟ್ಕಂಡದ್ದೇ ಇಂಥವ್ರನ್ನ. ಹೇಳ್ ಅವ್ರಿಗೆ. ಉಳಿ ಸುತ್ಗಿ ತಕಂಡ್ ಹೋಯಿ ನಾಲ್ಕ್ ಪೆಟ್ಟ್ ಕೊಚ್ಚಿ ಬರ್ಲಿ. ಒಂದ್ ಗಳಿಗಿ ಕೆಲ್ಸ."

"ಬ್ಯಾಡ ಅತ್ಗೆ."

"ನಿಂಗ್ ಹೇಳುಕೆ ಆತಿಲ್ಲೆ ಅಂದ್ರೆ ನಾ ಹೇಳ್ತೆ."

"ಬ್ಯಾಡ ಅಂದೆ ಅಲ್ದಾ. ಎಷ್ಟ್ ವರ್ಷದ್ ಮೇಲೆ ಕೆಂಪು ನೆಲ ಮಾಡಿದ್ರ್ ಅವ್ರ್. ಅದ್ನ ಅವ್ರ್ ಕೈಯಗೇ ಕೊಚ್ಚುಸುದಾ?"

ಪ್ರಫುಲ್ಲಾಳ ನಗು ನಿಂತಿತು. ಗಂಡ ಇತ್ತೀಚೆಗೆ ರಾತ್ರಿ ಊಟಕ್ಕೆ ಕೂತಾಗ ಮಾತಾಡತೊಡಗಿದ್ದು ಅವಳಿಗೂ ನೆನಪಾಗಿರಬೇಕು. ಅದಕ್ಕೆ ಮುಂಚೆ ತಿಂಗಳುಗಟ್ಟಲೆ ಗೋಡೆ ನೋಡಿಕೊಂಡು ಉಂಡು ಏಳುತ್ತಿದ್ದವನು.

"ಹಾಂಗಾರೆ ನಾಳೆ ಕುರ್ಚಿಯಾ?"

"ಕುರ್ಚಿಗೆ ನಾ ಕೂಕಂತಿಲ್ಲೆ."

"ಹಾಂಗಾರೆ ಮನೆಯಗೇ ಇರ್. ನಿನ್ನ ಒಂದ್ ಓಟ್ ಇಲ್ದಿದ್ರೆ ಸರ್ಕಾರ ಬೀಳ್ತಿಲ್ಲೆ."

ಅದೂ ನಿಜವೇ ಅನ್ನಿಸಿತು ವನಜಳಿಗೆ. ಮೈಯೆಲ್ಲ ದಣಿದಂತಿತ್ತು. ನಲವತ್ತು ದಾಟಿದ ಮೇಲೆ ಭುಜಗಳು ಮೊದಲಿನಂತಿಲ್ಲ. ಊರುಗೋಲಿನಲ್ಲಿ ರಸ್ತೆಯವರೆಗೆ ಹೋಗಿ ಬಂದರೆ ರಾತ್ರಿಯಿಡೀ ನೋವು. ಜ್ವರ ಅಂದುಬಿಟ್ಟರೆ ಆಯಿತು. ಆದರೆ ಅಣ್ಣ ಬೆಳಿಗ್ಗೆ ಬೇಗ ಎದ್ದು ಗಡ್ಡ ಹೆರೆದುಕೊಳ್ಳುವುದು ಕಣ್ಣಿಗೆ ಕಟ್ಟಿತು. ಅವಳು ಮೆಷಿನ್ ಬಿಟ್ಟು, ಅಂಗೈ ನೆಲಕ್ಕೂರಿ, ಕೂತಲ್ಲಿಂದಲೇ ಸರಿಯುತ್ತ ಒಲೆಯ ಕಡೆಗೆ ಹೋದಳು. ಮನೆಯೊಳಗೆ ಅವಳು ಹಾಗೆಯೇ ಓಡಾಡುವುದು. ಊರುಗೋಲು, ಕಬ್ಬಿಣದ ಪಟ್ಟಿಯ ಬೂಟು ಎಲ್ಲ ಹೊರಗಿನ ಜನರಿಗೆ. ಹೊಲಿಸಲು ಬಂದವರಾರೂ ಅವಳನ್ನು ನೆಲದಲ್ಲಿ ನೋಡಿದವರಲ್ಲ. ಬೇಲಿಯ ದಣಪೆ ಸದ್ದಾದರೆ ಇದ್ದಲ್ಲೇ ಇದ್ದು, "ಜಗಲಿಯಗೇ ಕೂಕಣಿ, ಬಂದೆ" ಅನ್ನುತ್ತಿದ್ದಳು. ಬೂಟು ಕಟ್ಟಿ, ಊರುಗೋಲು ಹಿಡಿದು, ಎದ್ದು ನಿಂತೇ ಹೊರಗೆ ಬರುತ್ತಿದ್ದಳು.

ಮರುದಿನ ಭಾನುವಾರ. ಹತ್ತು ಗಂಟೆಗೆ ನಾಗನ ಆಟೋದಲ್ಲಿ ಅತ್ತಿಗೆ ನಾದಿನಿಯರು ಶಾಲೆ ಮುಟ್ಟಿದಾಗ ಸಾಲು ಬೇಲಿಯವರೆಗೆ ಬಂದಿತ್ತು. ಪಕ್ಷದವರು ದಾಟಬಾರದೆಂದು ಎಳೆದ ಸುಣ್ಣದ ಗೆರೆಯಾಚೆ ಒಂದು ಗೋಳಿಮರದ ಕೆಳಗೆ ಲೀಲಾಧರನ ಮೇಜು, ಅದರೆದುರು ಇನ್ನೊಂದು ಮರದ ಕೆಳಗೆ ಚಂದ್ರನ ಮೇಜು. ಎರಡೂ ಮೇಜಿನ ಪಕ್ಕ ಒಂದೊಂದು ಬಿಳಿ ಕುರ್ಚಿ ಖಾಲಿ ಇಟ್ಟಿದ್ದರು. ಯಾರಿಗೆಂದು ಕೇಳಬೇಕಾಗಿರಲಿಲ್ಲ.

"ವನಜಕ್ಕಾ," ಲೀಲಾಧರ ಕೂಗಿದ, "ಬಿಸ್ಲಗೆ ಎಂತಕೆ ಕಷ್ಟ? ಹುಡುಗ್ರ್ ಇದ್ರ್. ಕೂಕಣಿ, ಎರಡ್ ನಿಮಿಷದ್ ಕೆಲ್ಸ."

"ಆ ಕುರ್ಚಿಯ ಕಾಲ್ ಲೊಡಲೊಡ ಅಂತ್ ಅಕ್ಕ, ನಂಬುಕಾಗ," ಎಂದು ಆಚೆಯಿಂದ ಚಂದ್ರ. "ನಮ್ದ್ ಹೊಸತ್. ಬನ್ನಿ."

"ನಿಮ್ ಎರಡೂ ಕುರ್ಚಿ ಮೇಲೆ ನೀವೇ ಕೂಕಣಿ. ಗೆದ್ರೆ ಬಿಡ್ತ್ರಿಯಾ ಕುರ್ಚಿ?" ಅಂದಳು ಪ್ರಫುಲ್ಲಾ. ಸಾಲಿನ ಹೆಂಗಸರು ಕಿಸಕ್ಕನೆ ನಕ್ಕರು.

ಶಾಲೆಯ ಮುಂದೆ ಬಂದಾಗ ವನಜಳಿಗೆ ಒಂದು ಕ್ಷಣ ತಾನು ಯಾರದೋ ಗೃಹಪ್ರವೇಶಕ್ಕೆ ಬಂದಂತಾಯಿತು. ಇಳಿಜಾರಿನ ಬುಡದಲ್ಲಿ ಚಪ್ಪಲಿಗಳ ರಾಶಿ. ಹವಾಯಿ, ಚರ್ಮದ್ದು, ಹೆಂಗಸರ ಮಣಿಯ ಚಪ್ಪಲಿ, ಹೈಸ್ಕೂಲು ಮೇಷ್ಟರ ಬೂಟು ಸಹ. ಅಷ್ಟು ನುಣುಪಿನ ಕೆಂಪು ನೆಲ ಕಂಡವರಿಗೆ ಚಪ್ಪಲಿ ಹಾಕಿಕೊಂಡು ಮೆಟ್ಟಲು ಕಾಲೇ ಬಂದಿರಲಿಲ್ಲ. ಮುಂಡು ಎತ್ತಿ ಕಟ್ಟಿದ ಮುದುಕರು ಬರಿಗಾಲಲ್ಲಿ, ಗೋಡೆ ಹಿಡಿದು, ದೇವಸ್ಥಾನಕ್ಕೆ ಹೋಗುವ ಹಾಗೆ ಹತ್ತುತ್ತಿದ್ದರು. ಬರಿಗಾಲು ಹೇಗೋ ನಿಲ್ಲುತ್ತಿತ್ತು. ಇಳಿಜಾರಿನ ಬದಿಗೆ ಸೋಮ ನಿಂತಿದ್ದ, ಇಸ್ತ್ರಿ ಹಾಕಿದ ಬಿಳಿ ಅಂಗಿಯಲ್ಲಿ. ಯಾವ ಚುನಾವಣೆಯಲ್ಲೂ ಬೆಳಿಗ್ಗೆಯೇ ಓಟು ಹಾಕಿ ಕೆಲಸಕ್ಕೆ ಹೋಗಿಬಿಡುವವನು, ಇವತ್ತು ಹೋಗಿರಲಿಲ್ಲ.

"ಸೋಮಣ್ಣ, ನೆಲ ಅಂದ್ರೆ ಇದ್!" ಎಂದು ಇಳಿದು ಬಂದವರೊಬ್ಬರು ಅವನ ಬೆನ್ನು ತಟ್ಟಿದರು. ಸೋಮ ತಂಗಿಯನ್ನು ಕಂಡು ಚಪ್ಪಲಿಗಳನ್ನೆಲ್ಲ ಕಾಲಿಂದ ಬದಿಗೆ ಸರಿಸಿದ. "ಬಂತ್ ಕಾಣಿ ನನ್ ತಂಗಿ. ಚೂರ್ ಜಾಗ ಬಿಡಿ, ಜಾಗ ಬಿಡಿ."

ಸಾಲು ಬದಿಗೆ ಸರಿಯಿತು. ಎಲ್ಲರೂ ನೋಡುತ್ತಿದ್ದರು. ಇನ್ನು ಜ್ವರ ಅನ್ನುವ ಹಾಗಿಲ್ಲ. ಒಂದು ವೇಳೆ ನಿನ್ನೆ ಒದ್ದೆ ಇತ್ತೋ ಏನೋ, ಇವತ್ತು ನಿಲ್ಲಬಹುದು ಎಂದುಕೊಂಡು ವನಜ ಬಲಗಡೆಯ ಊರುಗೋಲನ್ನು ಮೆಲ್ಲಗೆ ಊರಿದಳು. ನಿಂತಿತು. ಎಡಗಡೆಯದನ್ನು ಊರಿ ಮೈಯನ್ನು ಮುಂದಕ್ಕೆ ತಂದಳು. ಅಷ್ಟೇ. ಎರಡೂ ಒಟ್ಟಿಗೆ ಜಾರಿದವು. ಸೋಮ ಓಡಿಬಂದು ಸೊಂಟಕ್ಕೆ ಕೈಹಾಕದೇ ಹೋಗಿದ್ದರೆ ಹಲ್ಲು ಮುರಿಯುತ್ತಿತ್ತು.

"ಅಯ್ಯೋ ದೇವ್ರೇ" ಎಂದಿತು ಸಾಲು. ಗೆರೆಯಾಚೆ ಯಾರೋ ಕುರ್ಚಿ ಎತ್ತಿಕೊಂಡ ಸದ್ದಾಯಿತು.

"ಎಂತ ಆಯ್ತ್? ಎಂತ ಆಯ್ತ್ ನಿಂಗೆ?" ಸೋಮನ ಮುಖ ಬಿಳಿಚಿಕೊಂಡಿತ್ತು.

"ಜಾರ್ತ್ ಅಣ್ಣ," ಅಂದಳು ವನಜ, ಅವನಿಗೆ ಮಾತ್ರ ಕೇಳುವಂತೆ. "ನಿನ್ನೆಯೇ ಗೊತ್ತಿದ್ದಿತ್. ಊರುಗೋಲಿಗ್ ಆತಿಲ್ಲೆ ಇದ್."

ಸೋಮ ಅವಳನ್ನೂ ನೆಲವನ್ನೂ ಊರುಗೋಲನ್ನೂ ಒಂದಾದ ಮೇಲೆ ಒಂದು ನೋಡಿದ. ಏನೋ ಅರ್ಥವಾಗದವನ ಹಾಗೆ.

"ಊರುಗೋಲ್ ಎಂತಕೆ? ನಾ ಊರುಗೋಲಿಗ್ ಮಾಡಿದ್ದಲ್ಲ. ನೀ ಕೂಕಂಡ್ ಹೋತಿ ಅಂದೇಳಿ ಮಾಡಿದ್ದ್. ಮನೆಯಗೆ ಹೋಪಾಂಗೆ. ದೊರ್ಗ್ ಇದ್ರೆ ಕೈ ಸುಲಿತ್, ಸೀರೆ ಹರಿತ್ ಅಂದೇಳಿ ಅಷ್ಟ್ ಉಜ್ಜಿದ್ದ್."

ವನಜಳಿಗೆ ಕಿವಿ ಬಿಸಿಯಾಯಿತು. "ಇಷ್ಟ್ ಜನ್ರ ಎದ್ರಿಗಾ?"

"ಹ್ಞಾಂ?"

"ಇಷ್ಟ್ ಜನ್ರ ಎದ್ರಿಗೆ ನಾ ಹಾಂಗ್ ಹೋಯ್ಕಾ ಅಣ್ಣ?"

"ನಾ ದಿನಾ ಕಾಣ್ತೆ ಅಲ್ದಾ," ಅಂದ ಸೋಮ. "ಅದ್ ನಿನ್ನ ನಡಿಗಿ ಅಲ್ದಾ?"

ಬೇರೆ ಯಾರಾದರೂ ಹೀಗೆ ಅಂದಿದ್ದರೆ ಅವಳು ಕಪಾಳಕ್ಕೆ ಹೊಡೆದೇ ಬಿಡುತ್ತಿದ್ದಳೇನೋ. ಸಿಟ್ಟು ಬಂದದ್ದೂ ಹೌದು. ಇಷ್ಟು ವರ್ಷ ಒಂದೇ ಸೂರಿನಡಿ ಇದ್ದು, ಹೊರಗೆ ಹೊರಡುವ ಮೊದಲು ತಾನು ಬೂಟಿನ ಪಟ್ಟಿ ಬಿಗಿಯುವುದು ಏಕೆಂದು ಇವನಿಗೆ ಗೊತ್ತೇ ಆಗಲಿಲ್ಲವೇ? ಗೊತ್ತಾಗಿರಲಿಲ್ಲ. ಅವನ ಮುಖದಲ್ಲಿ ಅದು ಕಾಣುತ್ತಿತ್ತು. ಅವನಿಗೆ ಅವಳು ಸರಿಯುವುದು ಅಂದರೆ ಪ್ರಫುಲ್ಲಾ ಬುಟ್ಟಿ ಹೊತ್ತು ಬೀಸುನಡಿಗೆಯಲ್ಲಿ ಹೋಗುವುದಿದ್ದಂತೆ, ಅಷ್ಟೇ. ಮುಚ್ಚಿಡಬೇಕಾದ್ದು ಅದರಲ್ಲಿ ಏನಿದೆಯೆಂದು ಈಗಲೂ ಅವನಿಗೆ ಹೊಳೆಯುತ್ತಿರಲಿಲ್ಲ.

ಲೀಲಾಧರನ ಹುಡುಗರು ಕುರ್ಚಿ ಹಿಡಿದು ಗೆರೆ ದಾಟಿ ಬಂದಿದ್ದರು. ಅವರ ಹಿಂದೆಯೇ ಚಂದ್ರನವರೂ. ಪೊಲೀಸಿನವನು, "ಪಕ್ಷದ ಚೀಟಿ, ಶಾಲು ಎಲ್ಲ ತೆಗ್ದಿಟ್ಟು ಬನ್ನಿ" ಎಂದು ಅವರನ್ನು ತಡೆಯುತ್ತಿದ್ದ. ವನಜಳ ತೋಳು ಸೋತಿತ್ತು. ಕಂಕುಳು ಉರಿಯುತ್ತಿತ್ತು. ಎಷ್ಟು ವರ್ಷ ಆಯಿತು ಹೀಗೆ ನೆಟ್ಟಗೆ ನಿಂತು ತೋರಿಸುತ್ತ? ನಿಂತು ತೋರಿಸಿದ್ದಕ್ಕಾದರೂ ಸಿಕ್ಕಿದ್ದೇನು, ಎರಡು ಕುರ್ಚಿ.

"ಅತ್ಗೆ, ಇದ್ ಹಿಡ್ಕಣಿ," ಎಂದು ಊರುಗೋಲುಗಳನ್ನು ಪ್ರಫುಲ್ಲಾಳ ಕೈಗೆ ಕೊಟ್ಟಳು.

"ಹೆಣೆ, ಎಂತ ಮಾಡ್ತೆ?"

ಅಣ್ಣನ ಭುಜ ಹಿಡಿದು ಅವಳು ಕೆಳಗೆ ಕೂತಳು. ಸೀರೆಯ ನೆರಿಗೆಯನ್ನು ಕಾಲುಗಳ ಸುತ್ತ ಬಿಗಿಯಾಗಿ ಸುತ್ತಿ ತುದಿಯನ್ನು ಅಡಿಗೆ ಸಿಕ್ಕಿಸಿದಳು. ಏರು ಹತ್ತುವಾಗ ಹಿಮ್ಮುಖವಾಗಿಯೇ ಹತ್ತಬೇಕು, ಅದು ಅವಳಿಗೆ ಗೊತ್ತು. ಹಾಗಾಗಿ ಬೆನ್ನು ಮತಗಟ್ಟೆಯ ಕಡೆಗಾಯಿತು, ಮುಖ ಇಡೀ ಊರಿನ ಕಡೆಗಾಯಿತು. ಅಂಗೈಗಳನ್ನು ಹಿಂದಕ್ಕೂರಿ ಮೈಯನ್ನು ಎತ್ತಿ ಎಳೆದುಕೊಂಡಳು.

ನೆಲ ತಣ್ಣಗಿತ್ತು. ಶಾಲೆಯ ಮೋರೆ ಪಡುವಣಕ್ಕೆ. ಬಿಸಿಲು ಇನ್ನೂ ಮಾಡಿನ ಆ ಬದಿಯಲ್ಲೇ ಇತ್ತು. ಊರುಗೋಲು ನಿಲ್ಲದ ಆ ನುಣುಪಿನಲ್ಲಿ ಒಣ ಅಂಗೈ ಅಂಟಿಕೊಂಡಂತೆ ನಿಲ್ಲುತ್ತಿತ್ತು, ಸೀರೆ ಮಾತ್ರ ಎಣ್ಣೆಯ ಮೇಲೆ ಜಾರಿದಂತೆ ಬರುತ್ತಿತ್ತು. ಇನ್ನೊಂದು ಎಳೆತ. ಇನ್ನೊಂದು. ಕಬ್ಬಿಣದ ಪಟ್ಟಿ ಒಂದೊಂದು ಸಲ ನೆಲಕ್ಕೆ ತಾಗಿ ಟಣ್ ಅನ್ನುತ್ತಿತ್ತು. ಆ ಸದ್ದು ಬಿಟ್ಟರೆ ಶಾಲೆಯ ಅಂಗಳದಲ್ಲಿ ಬೇರೆ ಸದ್ದಿರಲಿಲ್ಲ.

ಅವಳು ತಲೆ ತಗ್ಗಿಸಬೇಕೆಂದಿದ್ದಳು. ಆದರೆ ತಲೆ ತಗ್ಗಿಸಿದರೆ ಭುಜಕ್ಕೆ ಬಲ ಸಾಲುವುದಿಲ್ಲ. ಹಾಗಾಗಿ ನೋಡಲೇಬೇಕಾಯಿತು. ಸಾಲಿನಲ್ಲಿದ್ದವರು ಒಬ್ಬೊಬ್ಬರೂ ಒಂದೊಂದು ಕಡೆ ಮುಖ ತಿರುಗಿಸುತ್ತಿದ್ದರು. ಒಬ್ಬಳು ಚೀಲದಲ್ಲಿ ಏನೋ ಹುಡುಕತೊಡಗಿದಳು. ಮೇಷ್ಟರು ಕನ್ನಡಕ ತೆಗೆದು ಒರೆಸಿದರು. ಚಂದ್ರ ಫೋನು ಕಿವಿಗಿಟ್ಟುಕೊಂಡ, ಅದು ರಿಂಗಾದದ್ದು ಯಾರೂ ಕೇಳಲಿಲ್ಲ. ಕುರ್ಚಿ ಹಿಡಿದ ಹುಡುಗರು ಅದನ್ನು ಎಲ್ಲಿಡುವುದೆಂದು ತಿಳಿಯದೆ ಹೊತ್ತುಕೊಂಡೇ ನಿಂತಿದ್ದರು. ಅವಳನ್ನು ನೇರವಾಗಿ ನೋಡುತ್ತಿದ್ದವನು ಸೋಮ ಒಬ್ಬನೇ. ಅವನು ನೋಡುತ್ತಿದ್ದದ್ದು ಅವಳ ಕೈಗಳನ್ನು. ನೆಲದಲ್ಲಿ ಎಲ್ಲಾದರೂ ಸಣ್ಣ ಕಲ್ಲು ಎದ್ದಿದೆಯೋ ಎಂದು.

"ಎಂತ, ಎಲ್ಲರಿಗೂ ಕುತ್ಗಿ ಉಳುಕಿತಾ?" ಎಂದು ಪ್ರಫುಲ್ಲಾ ಸಾಲಿನ ಮೇಲೆ ಗದರಿದಳು. ಊರುಗೋಲು ಹಿಡಿದು ನಾದಿನಿಯ ಪಕ್ಕ ಬರಿಗಾಲಲ್ಲಿ ಹತ್ತುತ್ತಿದ್ದ ಅವಳ ಸ್ವರ ಒಡೆದಿತ್ತು. "ಸಾಲ್ ಬಿಡ್ಬೇಡಿ, ಮುಂದ್ ಹೋಯ್ನಿ!"

ಮೇಲೆ ಜಗಲಿಯ ಕಂಬ ಹಿಡಿದು, ಅತ್ತಿಗೆಯ ಹೆಗಲ ಮೇಲೆ ಭಾರ ಹಾಕಿ ವನಜ ಎದ್ದು ನಿಂತಾಗ ಬೆನ್ನೆಲ್ಲ ಬೆವರಾಗಿತ್ತು. ಒಳಗೆ ಹೋದರೆ ಓಟಿನ ಮೆಷಿನ್ ಕೆಟ್ಟಿದೆಯೆಂದರು. ಈಗಷ್ಟೇ ನಿಂತುಹೋಯಿತು, ಬದಲಿ ಮೆಷಿನ್ ಬರುವ ತನಕ ಕಾಯಬೇಕು. ನಗು ಬಂತು ಅವಳಿಗೆ. ಮಕ್ಕಳು ಕೂರುವ ಗಿಡ್ಡ ಬೆಂಚಿನ ಮೇಲೆ ಗೋಡೆಗೊರಗಿ ಕೂತಳು. ಗೋಡೆಯಲ್ಲಿ ಮಗ್ಗಿ ಬರೆದಿತ್ತು. ಗಂಟೆ ಹನ್ನೊಂದಾಯಿತು, ಹನ್ನೆರಡಾಯಿತು, ಒಂದಾಯಿತು. ಬ್ರಹ್ಮಾವರದ ಕಡೆಯಿಂದ ಕರ್ತವ್ಯಕ್ಕೆ ಬಂದಿದ್ದ ಅಧಿಕಾರಿ ಹೆಂಗಸು ತನ್ನ ಬಾಟಲಿಯಿಂದ ನೀರು ಕೊಟ್ಟರು. ಕಾಲಿಗೆ ಎಂತ ಆಯಿತು ಎಂದು ಕೇಳದೆ, "ನಿಮ್ಮ ಬ್ಲೌಸಿನ ಹೊಲಿಗೆ ಚಂದ ಇದೆ" ಎಂದರು.

"ನಾನೇ ಹೊಲ್ದದ್ದ್."

"ಹೌದಾ? ನಮ್ಮ ಕಡೆ ಎಲ್ಲ ಹಾಳು ಮಾಡಿ ಕೊಡ್ತಾರೆ."

ಮೆಷಿನ್ ಬಂತು. ಅಧಿಕಾರಿ ಹೆಂಗಸು, ಬೇಕಿದ್ದರೆ ಮನೆಯವರೊಬ್ಬರು ಜೊತೆಗೆ ಬಂದು ನಿಮ್ಮ ಪರವಾಗಿ ಒತ್ತಬಹುದು, ಅದಕ್ಕೆ ಅವಕಾಶ ಇದೆ ಎಂದು ವಿವರಿಸಿದರು. ಪ್ರಫುಲ್ಲಾ ಎದ್ದು ನಿಂತೇ ಬಿಟ್ಟಿದ್ದಳು.

"ಬ್ಯಾಡ," ಅಂದಳು ವನಜ. "ಕೈ ಸಮಾ ಇತ್ತ್ ನಂಗೆ."

ಬೆರಳಿಗೆ ಶಾಯಿ ಹಾಕಿಸಿಕೊಂಡು, ರಟ್ಟಿನ ಮರೆಯ ಹಿಂದೆ ಮೇಜಿಗೆ ಸೊಂಟ ಒತ್ತಿ ನಿಂತಳು. ಸಾಲಾಗಿ ಹೆಸರುಗಳು, ಹೆಸರಿನ ಮುಂದೆ ಚಿತ್ರಗಳು. ಒಳಗೆ ಬರುವುದು ಹೇಗೆ ಎನ್ನುವುದರಲ್ಲೇ ತಿಂಗಳು ಕಳೆದು, ಯಾರಿಗೆ ಎನ್ನುವುದನ್ನು ತಾನು ಸರಿಯಾಗಿ ಯೋಚಿಸಿಯೇ ಇಲ್ಲವೆಂದು ಆಗ ಗೊತ್ತಾಯಿತು. ಕುರ್ಚಿಯ ಮೇಲೆ ಬಂದ ಸಲವೆಲ್ಲ ಹೊತ್ತವರಿಗೆ ಹಾಕುವುದೋ ಹೊತ್ತವರ ಮೇಲಿನ ಸಿಟ್ಟಿಗೆ ಹಾಕುವುದೋ, ಇಷ್ಟೇ ಇತ್ತು. ಈಗ ಯಾರ ಋಣವೂ ಇಲ್ಲ, ಯಾರ ಮೇಲೆ ಸಿಟ್ಟೂ ಇಲ್ಲ. ಸಿಟ್ಟಾಗುವಷ್ಟು ಶಕ್ತಿಯೂ ಉಳಿದಿರಲಿಲ್ಲ. ಅವಳು ಮೇಲಿನಿಂದ ಕೆಳಗಿನ ತನಕ ಎಲ್ಲ ಹೆಸರುಗಳನ್ನೂ ಒಂದೊಂದಾಗಿ ಓದಿದಳು. ಮೊದಲು ಎಂದೂ 'ಇವರೆಲ್ಲ ಯಾರು' ಎಂದು ಓದಿರಲಿಲ್ಲ. ಮರೆಯ ಆಚೆ ಯಾರೋ ಕೆಮ್ಮಿದರು. ಇನ್ನೊಮ್ಮೆ ಓದಿದಳು. ಆಮೇಲೆ ಒತ್ತಿದಳು. ಮೆಷಿನ್ ಉದ್ದಕ್ಕೆ ಕೂಗಿ ಸುಮ್ಮನಾಯಿತು.

ಹೊರಗೆ ಬಂದರೆ ಕಣ್ಣಿಗೆ ಕತ್ತಲೆ ಬರುವ ಬಿಸಿಲು. ಸೂರ್ಯ ಮಾಡು ದಾಟಿ ಈ ಬದಿಗೆ ಬಂದಿದ್ದ. ಇಳಿಜಾರು ಉರಿಯುವ ಹಂಚಿನಂತೆ ಹೊಳೆಯುತ್ತಿತ್ತು. ಅಲ್ಲಿಯವರೆಗೆ ಅಂಗಳದಲ್ಲೇ ಕಾದಿದ್ದ ಸೋಮ ಅವಳನ್ನು ಕಂಡವನೇ ಮೇಲೆ ಓಡಿಬಂದ. ಅರ್ಧ ದಾರಿಯಲ್ಲಿ ಬರಿಗಾಲು ಸುಟ್ಟು ಕುಣಿದಾಡಿದ.

ವನಜ ಜಗಲಿಯ ಅಂಚಿನಲ್ಲಿ ಕೂತು ಕೈಯನ್ನು ಕೆಂಪು ನೆಲಕ್ಕೆ ಇಟ್ಟು ನೋಡಿದಳು. ತಟ್ಟನೆ ಎಳೆದುಕೊಂಡಳು.

"ವನಜಕ್ಕ, ಯಾರಿಗ್ ಹಾಕಿದ್ರಿ? ಗುಟ್ಟಗೆ ಹೇಳಿ!" ಮರದ ಕೆಳಗಿನಿಂದ ಲೀಲಾಧರ ನಗುನಗುತ್ತ ಕೂಗಿದ. ಚಂದ್ರನೂ ಕಿವಿ ಈ ಕಡೆಗೇ ಇಟ್ಟಿದ್ದ. ಅವಳು ಇಬ್ಬರನ್ನೂ ನೋಡಿದಳು. ಸುಟ್ಟ ಅಂಗೈಯನ್ನು ಸೆರಗಿಗೆ ಒರೆಸಿಕೊಂಡಳು.

ಯಾರಿಗೆ ಹಾಕಿದಳೆನ್ನುವುದು ಸೋಮನಿಗೆ ಬೇಕಿರಲಿಲ್ಲ. ಅವನು ಶಾಲೆಯ ಹಿಂದಿನ ಬಾವಿಗೆ ಹೋಗಿ, ಒಂದು ಕೊಡಪಾನ ನೀರು ತುಂಬಿಸಿ, ಇಸ್ತ್ರಿ ಹಾಕಿದ ಅಂಗಿ ನೆನೆಸಿಕೊಳ್ಳುತ್ತ ಹೊತ್ತು ತಂದ. ಇಳಿಜಾರಿನ ತಲೆಯಲ್ಲಿ ನಿಂತು ಮೆಲ್ಲಗೆ ಸುರಿದ. ನೀರು ಅಗಲವಾಗಿ ಹರಡಿ ಕೆಳಗಿಳಿಯಿತು, ಅಂಚಿನಲ್ಲಿ ಆಗಲೇ ಆರತೊಡಗಿತು. ಸಾಲಿನವರು ಕಾಲು ಹಿಂದಕ್ಕಿಟ್ಟು ನಿಂತರು. ಅವನು ಕುಕ್ಕರುಗಾಲಲ್ಲಿ ಕೂತು ಅಂಗೈ ಅಗಲಿಸಿ ಅಲ್ಲಲ್ಲಿ ಮುಟ್ಟಿ ನೋಡಿದ.

"ತಡಿ," ಅಂದ. "ಇನ್ನೂ ಬಿಸಿ ಇತ್ತ್."

ಮತ್ತೊಂದು ಕೊಡಪಾನ ತರಲು ಎದ್ದು ಹೋದ. ವನಜ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಅವನು ಬರುವ ದಾರಿ ನೋಡುತ್ತ, ಅಲ್ಲೇ ಮೇಲೆ ಕೂತಳು.